ಆತ್ಮರಕ್ಷಣೆಗಾಗಿ ಬಂದೂಕು ಪರವಾನಗಿ: ಹೊಣೆಗಾರಿಕೆ ಮತ್ತು ತರಬೇತಿ

(ಮಂಗಳೂರು ನಗರದ ಬೆಂಗ್ರೆ ಪ್ರದೇಶದ ಅರ್ಜಿದಾರರ ಮಾಹಿತಿಗಾಗಿ)

ಆತ್ಮರಕ್ಷಣೆಯ ಉದ್ದೇಶಕ್ಕಾಗಿ ಪಿಸ್ತೂಲು, ರಿವಾಲ್ವರ್ ಅಥವಾ ಬಂದೂಕು ಹೊಂದಲು ಇಚ್ಛಿಸುವ ತೋಟ ಬೆಂಗ್ರೆ ಹಾಗೂ ಕಸಬಾ ಬೆಂಗ್ರೆಯ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಅರ್ಜಿ ನಮೂನೆ ಮತ್ತು ದಾಖಲೆಗಳ ವಿವರಗಳ ಜೊತೆಗೆ, ಪರವಾನಗಿ ದೊರೆತ ನಂತರ ಪರವಾನಗಿದಾರರ ಮೇಲೆ ಬೀಳುವ ಹೊಣೆಯನ್ನು ಇಲ್ಲಿ ಮುಖ್ಯವಾಗಿ ವಿವರಿಸಲಾಗಿದೆ. ಅರ್ಜಿದಾರರು ಅರ್ಜಿ ಸಲ್ಲಿಸುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

2021ರ ಅಕ್ಟೋಬರ್ ತಿಂಗಳಿನಲ್ಲಿ ಮಂಗಳೂರು ನಗರದಲ್ಲಿಯೇ ವೇತನದ ವಿಚಾರವಾಗಿ ನಡೆದ ವಾಗ್ವಾದದ ವೇಳೆ, ಪರವಾನಗಿ ಪಡೆದಿದ್ದ ಆಯುಧದಿಂದ ಹಾರಿದ ಗುಂಡು ಪರವಾನಗಿದಾರರ ಮಗನಿಗೇ ತಗುಲಿ, ಆ ಬಾಲಕನು ಮೃತಪಟ್ಟ ಘಟನೆಯು ಸಾರ್ವಜನಿಕರ ನೆನಪಿನಲ್ಲಿರಬಹುದು. ಕುಟುಂಬದ ರಕ್ಷಣೆಗೆಂದು ತಂದ ಆಯುಧವು ಕುಟುಂಬಕ್ಕೇ ಎರವಾಗಬಾರದೆಂಬುದು ಕಾನೂನಿನಲ್ಲಿರುವ ತರಬೇತಿ, ವೈದ್ಯಕೀಯ ತಪಾಸಣೆ ಹಾಗೂ ಸುರಕ್ಷಿತ ದಾಸ್ತಾನಿನ ಷರತ್ತುಗಳೆಲ್ಲದರ ಮೂಲ ಉದ್ದೇಶವಾಗಿರುತ್ತದೆ.

ಪರವಾನಗಿಯ ಸ್ವರೂಪ

ಭಾರತದಲ್ಲಿ ಬಂದೂಕು ಹೊಂದುವುದು ನಾಗರಿಕರ ಮೂಲಭೂತ ಹಕ್ಕಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನದ ಎರಡನೆಯ ತಿದ್ದುಪಡಿಯು ಆಯುಧ ಹೊಂದುವ ಹಕ್ಕನ್ನು ಅಲ್ಲಿನ ಜನರಿಗೆ ನೀಡಿದೆ; ನಮ್ಮ ಸಂವಿಧಾನದಲ್ಲಿ ಅಂತಹ ಹಕ್ಕು ಇಲ್ಲ. ಇಲ್ಲಿ ಆಯುಧಗಳ ಅಧಿನಿಯಮ, 1959ರ ಕಲಂ 3ರ ಮೇರೆಗೆ ಪರವಾನಗಿ ಪಡೆದವರು ಮಾತ್ರ, ಪರವಾನಗಿಯ ಷರತ್ತುಗಳಿಗೆ ಒಳಪಟ್ಟು, ಬಂದೂಕನ್ನು ಖರೀದಿಸಬಹುದು, ಇರಿಸಿಕೊಳ್ಳಬಹುದು ಮತ್ತು ಒಯ್ಯಬಹುದು. 1962ರ ನಿಯಮಗಳ ಬದಲಿಗೆ ಆಯುಧಗಳ ನಿಯಮಗಳು, 2016 ಜಾರಿಗೆ ಬಂದಿವೆ. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿಯು ಸಾಮಾನ್ಯವಾಗಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಲಾಗಿದ್ದು, ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿಸಲಾಗಿದೆ.

ಪರವಾನಗಿಯು ವ್ಯಕ್ತಿಗೆ ನೀಡಿದ್ದೇ ಹೊರತು ಮನೆಗೆ ನೀಡಿದ್ದಲ್ಲ. ಪರವಾನಗಿದಾರರ ಪತ್ನಿ, ಸಹೋದರ ಅಥವಾ ಮಕ್ಕಳು ಆ ಆಯುಧವನ್ನು ತಮ್ಮ ವಶದಲ್ಲಿ ಇರಿಸಿಕೊಳ್ಳುವಂತಿಲ್ಲ. ಈ ಒಂದು ಅಂಶವನ್ನು ಮರೆತ ಕಾರಣದಿಂದಲೇ ಸದುದ್ದೇಶವುಳ್ಳ ಕುಟುಂಬಗಳೂ ತೊಂದರೆಗೆ ಸಿಲುಕುವ ಸಂಭವವಿರುತ್ತದೆ.

ಕೊಡಗಿನಲ್ಲಿ ಬಂದೂಕಿಗೆ ಪರವಾನಗಿ ಬೇಕಿಲ್ಲವಲ್ಲ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಕೊಡವರಿಗೆ ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯು ಅಧಿನಿಯಮದ ಕಲಂ 41ರ ಅಡಿಯಲ್ಲಿ ಕೇಂದ್ರ ಸರ್ಕಾರವು ನೀಡಿರುವ ವಿಶೇಷ ವಿನಾಯಿತಿಯಾಗಿದ್ದು, 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಲಾಗಿದೆ. ಸದರಿ ವಿನಾಯಿತಿಯು ದಕ್ಷಿಣ ಕನ್ನಡ ಜಿಲ್ಲೆಯ ಇತರ ನಾಗರಿಕರಿಗೆ ಅನ್ವಯಿಸುವುದಿಲ್ಲ.

ಅರ್ಹತೆ ಮತ್ತು ಪರವಾನಗಿ ಪ್ರಾಧಿಕಾರ

ಪೊಲೀಸ್ ಆಯುಕ್ತರು ನೇಮಕಗೊಂಡಿರುವ ಪ್ರದೇಶದಲ್ಲಿ, ಅಧಿನಿಯಮದ ಪರಿಭಾಷೆಯಂತೆ ಜಿಲ್ಲಾ ದಂಡಾಧಿಕಾರಿ ಎಂದರೆ ಪೊಲೀಸ್ ಆಯುಕ್ತರು. ಮಂಗಳೂರು ನಗರ ಪೊಲೀಸ್ ಆಯುಕ್ತಾಲಯವು 2010ರಿಂದ ಕಾರ್ಯನಿರ್ವಹಿಸುತ್ತಿದ್ದು, ಬೆಂಗ್ರೆಯು ಈ ವ್ಯಾಪ್ತಿಗೆ ಸೇರಿರುತ್ತದೆ. ಆದ್ದರಿಂದ ಇಲ್ಲಿನ ನಿವಾಸಿಗಳು ಅರ್ಜಿಯನ್ನು ಆಯುಕ್ತರ ಕಚೇರಿಗೆ ಸಲ್ಲಿಸತಕ್ಕದ್ದು. ನಗರದ ಹೊರಗಿನ ತಾಲ್ಲೂಕುಗಳವರಿಗೆ ಜಿಲ್ಲಾಧಿಕಾರಿಗಳ ಕಚೇರಿಯು ಸಂಬಂಧಪಟ್ಟ ಕಚೇರಿಯಾಗಿರುತ್ತದೆ. 9 ಮಿ.ಮೀ. ಪಿಸ್ತೂಲು, .303 ರೈಫಲ್ ಮುಂತಾದ ನಿರ್ಬಂಧಿತ ವರ್ಗದ ಆಯುಧಗಳ ಪರವಾನಗಿಯು ಕೇಂದ್ರ ಗೃಹ ಮಂತ್ರಾಲಯಕ್ಕೆ ಸೇರಿದ ವಿಷಯವಾಗಿರುತ್ತದೆ.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹಿಂಸಾಕೃತ್ಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದವರಿಗೆ ಶಿಕ್ಷೆ ಮುಗಿದ ನಂತರದ 5 ವರ್ಷಗಳವರೆಗೆ ಹಾಗೂ ಶಾಂತಿಪಾಲನೆಗಾಗಿ ಮುಚ್ಚಳಿಕೆ ಬರೆದುಕೊಡಲು ಆದೇಶಿಸಲ್ಪಟ್ಟವರಿಗೆ ಆ ಮುಚ್ಚಳಿಕೆಯ ಅವಧಿಯಲ್ಲಿ ಅಧಿನಿಯಮದ ಕಲಂ 9 ಅಡ್ಡಿಯಾಗಿರುತ್ತದೆ. ಮಾನಸಿಕ ಅಸ್ವಸ್ಥತೆಯ ಕಾರಣದಿಂದಲೂ ಪರವಾನಗಿಯನ್ನು ನಿರಾಕರಿಸಲು ಅವಕಾಶವಿದೆ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಪರವಾನಗಿಯನ್ನು ನಿರಾಕರಿಸುವಂತಿಲ್ಲ ಎಂಬುದನ್ನೂ ಅರ್ಜಿದಾರರು ತಿಳಿದಿರಬೇಕು.

ವೃತ್ತಿ, ವ್ಯಾಪಾರ ಅಥವಾ ಇತರ ಕಾರಣದಿಂದ ಪ್ರಾಣ ಇಲ್ಲವೇ ಆಸ್ತಿಯ ರಕ್ಷಣೆಯ ನೈಜ ಅಗತ್ಯವಿದೆಯೆಂದು ಅರ್ಜಿದಾರರು ತೋರಿಸಬೇಕಾಗುತ್ತದೆ. "ರಕ್ಷಣೆಗಾಗಿ" ಎಂಬ ಒಂದು ಪದವನ್ನು ಬರೆದರೆ ಸಾಲದು. ಬೆದರಿಕೆ ಬಂದಿದ್ದಲ್ಲಿ ಅದರ ದಿನಾಂಕ, ಠಾಣೆಯಲ್ಲಿ ನೀಡಿದ ದೂರಿನ ಪ್ರತಿ, ದೊಡ್ಡ ಮೊತ್ತದ ನಗದನ್ನು ಒಯ್ಯುವ ವ್ಯವಹಾರವಿದ್ದಲ್ಲಿ ಅದರ ವಿವರ ಇವುಗಳನ್ನು ಸ್ಪಷ್ಟವಾಗಿ ನಮೂದಿಸಿದಲ್ಲಿ ವಿಚಾರಣೆಯು ಸುಗಮವಾಗುವುದು.

ಅರ್ಜಿಯೊಂದಿಗೆ ಸಲ್ಲಿಸಬೇಕಾದ ಮುಖ್ಯ ದಾಖಲೆಗಳು

1. ನಮೂನೆ ಎ-1ರಲ್ಲಿ ಭರ್ತಿ ಮಾಡಿದ ಅರ್ಜಿ ಮತ್ತು ಭಾವಚಿತ್ರಗಳು.
2. ಗುರುತು, ವಾಸಸ್ಥಳ ಹಾಗೂ ಜನ್ಮದಿನಾಂಕದ ದಾಖಲೆಗಳು.
3. ಸುರಕ್ಷತಾ ತರಬೇತಿ ಪೂರೈಸಿದ ಬಗ್ಗೆ ನಮೂನೆ ಎಸ್-1ರ ಪ್ರಮಾಣಪತ್ರ.
4. ಆಯುಧದ ಸುರಕ್ಷಿತ ಬಳಕೆ ಹಾಗೂ ದಾಸ್ತಾನಿನ ಬಗ್ಗೆ ನಮೂನೆ ಎಸ್-2ರ ಮುಚ್ಚಳಿಕೆ.
5. ದೈಹಿಕ ಹಾಗೂ ಮಾನಸಿಕ ಆರೋಗ್ಯದ ಬಗ್ಗೆ, ಮಾದಕ ವಸ್ತುಗಳ ವ್ಯಸನವಿಲ್ಲವೆಂಬ ವಿಶೇಷ ಉಲ್ಲೇಖವುಳ್ಳ ನಮೂನೆ ಎಸ್-3ರ ವೈದ್ಯಕೀಯ ಪ್ರಮಾಣಪತ್ರ.

ಅರ್ಜಿಯನ್ನು ಸ್ವೀಕರಿಸಿದ ನಂತರ ಸಂಬಂಧಪಟ್ಟ ಠಾಣೆಯಿಂದ ವರದಿ ಪಡೆಯಲಾಗುವುದು. ವಿಚಾರಣೆಗೆ ಬರುವ ಅಧಿಕಾರಿಯು ಅರ್ಜಿದಾರರ ನಡತೆ, ನೆರೆಹೊರೆಯವರೊಂದಿಗಿನ ವ್ಯಾಜ್ಯಗಳು, ಮನೆಯಲ್ಲಿ ಆಯುಧವನ್ನು ಇರಿಸುವ ಸ್ಥಳ ಇವುಗಳ ಬಗ್ಗೆ ಕೇಳಬಹುದು. ನಿಜಾಂಶವನ್ನು ಮರೆಮಾಚಿ ಪಡೆದ ಪರವಾನಗಿಯನ್ನು ಕಲಂ 17ರ ಮೇರೆಗೆ ರದ್ದುಪಡಿಸಲು ಅವಕಾಶವಿರುತ್ತದೆ. ಮಂಜೂರಾದ ಪ್ರತಿಯೊಂದು ಪರವಾನಗಿಯನ್ನು ರಾಷ್ಟ್ರೀಯ ಆಯುಧ ಪರವಾನಗಿ ದತ್ತಾಂಶ ವ್ಯವಸ್ಥೆಯಲ್ಲಿ ದಾಖಲಿಸಿ ವಿಶಿಷ್ಟ ಗುರುತಿನ ಸಂಖ್ಯೆಯನ್ನು ನೀಡಲಾಗುತ್ತದೆ. ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕಾಗುತ್ತದೆ. ಸಾರ್ವಜನಿಕ ಹಿತಾಸಕ್ತಿಗೆ ಬಾಧಕವಾಗದಿದ್ದಲ್ಲಿ ಅರ್ಜಿದಾರರು ಕೋರಿದಾಗ ಅವುಗಳ ಸಂಕ್ಷಿಪ್ತ ಹೇಳಿಕೆಯನ್ನು ನೀಡಲಾಗುವುದು. ಕಲಂ 18ರ ಮೇರೆಗೆ ಮೇಲ್ಮನವಿಗೂ ಅವಕಾಶವಿದೆ.

ಸುರಕ್ಷತಾ ತರಬೇತಿ

ಎಸ್-1 ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಬೇಕಾದ ಇನ್ನೊಂದು ಕಾಗದವೆಂದು ಭಾವಿಸಬಾರದು. ಆಯುಧವನ್ನು ಸುರಕ್ಷಿತವಾಗಿ ಹಿಡಿಯುವುದು ಮತ್ತು ಒಯ್ಯುವುದು, ಗುಂಡು ಹಾರಿಸುವ ವಿಧಾನ, ಆಯುಧ ಹಾಗೂ ಮದ್ದುಗುಂಡಿನ ಆರೈಕೆ, ದಾಸ್ತಾನು ಮತ್ತು ಸಾಗಣೆ ಇವು ಈ ತರಬೇತಿಯ ಮುಖ್ಯ ವಿಷಯಗಳು. ಮಾನ್ಯತೆ ಪಡೆದ ತರಬೇತುದಾರರಿಂದ ತರಬೇತಿ ಪಡೆಯತಕ್ಕದ್ದು. ರಾಜ್ಯದಲ್ಲಿ ಸಶಸ್ತ್ರ ಮೀಸಲು ಪೊಲೀಸ್ ಪಡೆಯ ವತಿಯಿಂದ ನಾಗರಿಕ ಬಂದೂಕು ತರಬೇತಿ ಶಿಬಿರಗಳೂ ಕಾಲಕಾಲಕ್ಕೆ ನಡೆಯುತ್ತವೆ. ಇವುಗಳ ದಿನಾಂಕವನ್ನು ಆಯುಕ್ತರ ಕಚೇರಿಯಲ್ಲಿ ವಿಚಾರಿಸಬಹುದು.

ಯಾವುದೇ ತರಬೇತಿಯಲ್ಲಿ ಮೊದಲು ಕಲಿಸುವುದು ನಾಲ್ಕು ಸೂತ್ರಗಳನ್ನು. ಒಂದು, ಕೈಗೆತ್ತಿಕೊಂಡ ಪ್ರತಿಯೊಂದು ಆಯುಧದಲ್ಲಿಯೂ ಗುಂಡು ಇದೆಯೆಂದೇ ಭಾವಿಸುವುದು. ಎರಡು, ನಳಿಗೆಯ ಬಾಯಿಯನ್ನು ಯಾವ ಕಾರಣಕ್ಕೂ ಮನುಷ್ಯರತ್ತ ತಿರುಗಿಸದಿರುವುದು. ಮೂರು, ಗುಂಡು ಹಾರಿಸುವ ನಿರ್ಧಾರವಾಗುವವರೆಗೆ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು. ನಾಲ್ಕು, ಗುರಿಯನ್ನೂ ಗುರಿಯ ಹಿಂದೆ ಏನಿದೆಯೆಂಬುದನ್ನೂ ಖಚಿತಪಡಿಸಿಕೊಳ್ಳುವುದು.

ಈ ನಾಲ್ಕನೆಯ ಸೂತ್ರವು ಬೆಂಗ್ರೆಯಂತಹ ಸ್ಥಳದಲ್ಲಿ ವಿಶೇಷ ಮಹತ್ವ ಪಡೆಯುತ್ತದೆ. ಒಂದು ಬದಿಯಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಬದಿಯಲ್ಲಿ ಹೊಳೆ, ನಡುವಿನ ಕಿರಿದಾದ ಮರಳುಪಟ್ಟಿಯಲ್ಲಿ ಒತ್ತೊತ್ತಾಗಿ ಮನೆಗಳು ಇರುವ ಊರು ಇದು. ಸಣ್ಣದೆಂದು ಪರಿಗಣಿಸಲಾಗುವ .22 ಅಳತೆಯ ಗುಂಡು ಸಹ 1.5 ಕಿ.ಮೀ.ಗೂ ಹೆಚ್ಚು ದೂರ ಸಾಗಬಲ್ಲದು. ಗುರಿ ತಪ್ಪಿದ ಗುಂಡು ನೆರೆಮನೆಯ ಹೆಂಚು ಅಥವಾ ತಗಡನ್ನು ದಾಟಿ ಒಳಗೆ ಮಲಗಿದವರನ್ನು ತಲಪಬಹುದು. ನೀರಿನತ್ತ ಹಾರಿಸಿದರೆ ಅಪಾಯವಿಲ್ಲವೆಂಬ ಭಾವನೆಯೂ ತಪ್ಪು. ಕಡಿಮೆ ಕೋನದಲ್ಲಿ ನೀರಿಗೆ ಬಡಿದ ಗುಂಡು ಪುಟಿದು ಬೇರೆ ದಿಕ್ಕಿಗೆ ಹಾರುತ್ತದೆ. ಹೊಳೆಯಲ್ಲಿ ಫೆರಿ ದೋಣಿಗಳು, ಆಚೆ ದಡದಲ್ಲಿ ಹಳೆ ಬಂದರಿನ ಧಕ್ಕೆ ಮತ್ತು ಅಲ್ಲಿ ದುಡಿಯುವ ಜನರು ಇರುತ್ತಾರೆ. ಹೆದರಿಸಲೆಂದು ಗಾಳಿಯಲ್ಲಿ ಹಾರಿಸಿದ ಗುಂಡೂ ಎಲ್ಲಿಯೋ ಒಂದು ಕಡೆ ಕೆಳಗೆ ಬೀಳಲೇಬೇಕು.

ಕಡಲ ತೀರದ ಉಪ್ಪಿನ ಗಾಳಿಯು ನಳಿಗೆ ಹಾಗೂ ಯಂತ್ರಭಾಗಗಳಿಗೆ ಬೇಗನೆ ತುಕ್ಕು ಹಿಡಿಸುತ್ತದೆ. ತೇವಾಂಶವು ಮದ್ದುಗುಂಡನ್ನೂ ಕೆಡಿಸುತ್ತದೆ. ಆದ್ದರಿಂದ ಇಲ್ಲಿನ ಪರವಾನಗಿದಾರರು ಆಯುಧವನ್ನು ನಿಯಮಿತವಾಗಿ ಒರೆಸಿ ಎಣ್ಣೆ ಹಾಕುವ ಕ್ರಮವನ್ನು ತರಬೇತಿಯಲ್ಲಿಯೇ ಕಲಿತಿರಬೇಕು. ಟ್ರಿಗರ್ ಎಳೆದಾಗ ಗುಂಡು ಹಾರದಿದ್ದಲ್ಲಿ ಒಡನೆಯೇ ನಳಿಗೆಯಲ್ಲಿ ಇಣುಕಬಾರದು; ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು ನಂತರ ಗುಂಡನ್ನು ಹೊರತೆಗೆಯಬೇಕು. ತಡವಾಗಿ ಸಿಡಿಯುವ ಮದ್ದುಗುಂಡಿನಿಂದ ಉಂಟಾಗುವ ಅಪಘಾತವನ್ನು ಇದರಿಂದ ತಪ್ಪಿಸಬಹುದು.

ಮನೆಯಲ್ಲಿ ಇರಿಸುವ ಕ್ರಮ

ಆಯುಧವನ್ನು ಬಳಸಬೇಕಾದ ಸಂದರ್ಭವು ಜೀವಮಾನದಲ್ಲಿ ಬಾರದೆಯೂ ಇರಬಹುದು; ಅದನ್ನು ಕಾಯುವ ಕೆಲಸವಾದರೋ ಪ್ರತಿದಿನದ್ದು. ಆಯುಧವನ್ನು ಗುಂಡು ತೆಗೆದ ಸ್ಥಿತಿಯಲ್ಲಿ, ಬೀಗವಿರುವ ಗಟ್ಟಿಯಾದ ಪೆಟ್ಟಿಗೆ ಅಥವಾ ಕಪಾಟಿನಲ್ಲಿ ಇರಿಸಬೇಕು. ಮದ್ದುಗುಂಡನ್ನು ಬೇರೆಡೆ ಬೀಗ ಹಾಕಿ ಇರಿಸುವುದು ಉತ್ತಮ. ಕೀಲಿಕೈ ಪರವಾನಗಿದಾರರ ಬಳಿಯಲ್ಲಿಯೇ ಇರಬೇಕು. ದಿಂಬಿನ ಕೆಳಗೆ, ಮೇಜಿನ ಡ್ರಾಯರ್‌ನಲ್ಲಿ ಅಥವಾ ವಾಹನದಲ್ಲಿ ಬಿಟ್ಟ ಆಯುಧವು ಮೊದಲು ಮಕ್ಕಳ ಕೈಗೆ ಸಿಗುವುದೇ ಹೆಚ್ಚು.

ಬೆಂಗ್ರೆಯ ಅನೇಕ ಮನೆಗಳ ಗಂಡಸರು ಆಳಸಮುದ್ರ ಮೀನುಗಾರಿಕೆಗೆ ತೆರಳಿ ದಿನಗಟ್ಟಲೆ ಕಡಲಿನಲ್ಲಿರುತ್ತಾರೆ. ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋದವರೂ ಇದ್ದಾರೆ. ಅಂತಹವರು ಅರ್ಜಿಗೆ ಮುನ್ನವೇ, ತಾವಿಲ್ಲದಾಗ ಆಯುಧ ಯಾರ ವಶದಲ್ಲಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಮನೆಯವರಿಗೆ ಕೀಲಿಕೈ ಕೊಟ್ಟುಹೋಗುವುದು ಸರಿಯಾದ ಉತ್ತರವಲ್ಲ. ದೀರ್ಘಕಾಲ ಊರು ಬಿಡುವವರು ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಆಯುಧ ವ್ಯಾಪಾರಿಯ ಬಳಿ ಠೇವಣಿ ಇರಿಸಿ ರಸೀದಿ ಪಡೆಯತಕ್ಕದ್ದು. ಪರವಾನಗಿದಾರರು ಮೃತಪಟ್ಟಲ್ಲಿ ವಾರಸುದಾರರು ಅನಗತ್ಯ ವಿಳಂಬವಿಲ್ಲದೆ ಆಯುಧವನ್ನು ಕಲಂ 21ರ ಮೇರೆಗೆ ಠೇವಣಿ ಇರಿಸಿ, ಬೇಕಿದ್ದಲ್ಲಿ ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ತಂದೆಯ ಕಾಲದ ಕೋವಿ ಎಂದು ಅಟ್ಟದ ಮೇಲೆ ಇರಿಸಿಕೊಂಡರೆ ಅದು ಪರವಾನಗಿಯಿಲ್ಲದ ಆಯುಧವೆಂದೇ ಪರಿಗಣಿತವಾಗುತ್ತದೆ.

ಹೊರಗೆ ಒಯ್ಯುವಾಗ

ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿದ ಚೀಲದಲ್ಲಿ ಅಥವಾ ಅಂತಹುದೇ ಹೊದಿಕೆಯಲ್ಲಿ, ಸಂಪೂರ್ಣವಾಗಿ ಮುಚ್ಚಿದ ಸ್ಥಿತಿಯಲ್ಲಿ, ತನ್ನ ಪೂರ್ಣ ಹತೋಟಿಯಲ್ಲಿರುವಂತೆ ಒಯ್ಯಬೇಕೆಂದು ನಿಯಮಗಳು ವಿಧಿಸಿವೆ. ಆಯುಧವನ್ನು ಝಳಪಿಸುವುದು, ಹೊರತೆಗೆದು ತೋರಿಸುವುದು ಮತ್ತು ಹೆದರಿಸುವುದು ನಿಷಿದ್ಧ. ಜನ ಕಿಕ್ಕಿರಿದ ಫೆರಿ ದೋಣಿ, ಬಸ್ಸು, ಮೀನು ಮಾರುಕಟ್ಟೆ ಇವೆಲ್ಲವೂ ಸಾರ್ವಜನಿಕ ಸ್ಥಳಗಳೇ.

ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಿಕ್ಷಣ ಸಂಸ್ಥೆಯ ಆವರಣಕ್ಕೆ ಆಯುಧವನ್ನು ಒಯ್ಯುವಂತಿಲ್ಲ. ನೇಮ, ಉರೂಸ್, ಚರ್ಚ್ ಹಬ್ಬದ ಮೆರವಣಿಗೆ ಯಾವುದಿದ್ದರೂ ಆಯುಧವು ಮನೆಯ ಕಪಾಟಿನಲ್ಲಿಯೇ ಇರಬೇಕು. ಮದುವೆ ಮನೆಯ ಸಂಭ್ರಮಕ್ಕೆ ಗುಂಡು ಹಾರಿಸುವುದು 2019ರ ತಿದ್ದುಪಡಿಯಿಂದ ಪ್ರತ್ಯೇಕ ಅಪರಾಧವಾಗಿದೆ.

ಪರವಾನಗಿಯಲ್ಲಿ ನಮೂದಿಸಿದ ಪ್ರದೇಶದೊಳಗೆ ಮಾತ್ರ ಆಯುಧವನ್ನು ಒಯ್ಯಬಹುದು. ಕರ್ನಾಟಕಕ್ಕೆ ಸೀಮಿತವಾದ ಪರವಾನಗಿಯೊಂದಿಗೆ ತಲಪಾಡಿ ಗಡಿಯನ್ನು ದಾಟಿ ಕಾಸರಗೋಡಿನ ಕಡೆಗೆ ಹೋದಲ್ಲಿ ಷರತ್ತಿನ ಉಲ್ಲಂಘನೆಯಾಗುತ್ತದೆ. ವಿಮಾನ ಪ್ರಯಾಣಿಕರು ಆಯುಧವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ವಿಮಾನಯಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ ಅನುಮತಿ ಪಡೆದಿರಬೇಕು. ಆಯುಧದೊಂದಿಗೆ ಮದ್ಯ ಸೇವಿಸುವುದು ಸರ್ವಥಾ ಸಲ್ಲದು.

ಆತ್ಮರಕ್ಷಣೆಯ ಹಕ್ಕು ಮತ್ತು ಅದರ ಮಿತಿ

ಭಾರತೀಯ ದಂಡ ಸಂಹಿತೆಯ ಕಲಂ 96ರಿಂದ 106ರವರೆಗೆ ಇದ್ದ ಖಾಸಗಿ ರಕ್ಷಣೆಯ ಹಕ್ಕು, 1ನೇ ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗೆ ಇರುತ್ತದೆ. ಈ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ಬಂದೂಕು ಪರವಾನಗಿಯಿಂದ ಇದು ಕಿಂಚಿತ್ತೂ ವಿಸ್ತಾರಗೊಳ್ಳುವುದಿಲ್ಲ.

ಕಲಂ 37ರ ಪ್ರಕಾರ, ಪೊಲೀಸರ ರಕ್ಷಣೆ ಪಡೆಯಲು ಸಮಯವಿರುವಾಗ ಈ ಹಕ್ಕು ಲಭ್ಯವಿಲ್ಲ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲೂ ಅವಕಾಶವಿಲ್ಲ. ಎದುರಾಳಿಯ ಪ್ರಾಣಹಾನಿಯವರೆಗೆ ಈ ಹಕ್ಕು ವಿಸ್ತರಿಸುವುದು ಪ್ರಾಣಭಯ, ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆಮ್ಲದಾಳಿ ಮುಂತಾದ ಕಲಂ 38ರಲ್ಲಿ ಹೇಳಿದ ಸಂದರ್ಭಗಳಲ್ಲಿ ಮತ್ತು ಆಸ್ತಿಯ ವಿಷಯದಲ್ಲಿ ಸುಲಿಗೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮುನ್ನ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿ ಇಡುವುದು ಮುಂತಾದ ಕಲಂ 41ರ ಸಂದರ್ಭಗಳಲ್ಲಿ ಮಾತ್ರ. ಬಲೆ ಕದ್ದು ಓಡುತ್ತಿರುವವನ ಬೆನ್ನಿಗೆ, ಬೈದವನಿಗೆ ಅಥವಾ ಹಣಕಾಸಿನ ತಕರಾರು ತೆಗೆದವನಿಗೆ ಗುಂಡು ಹಾರಿಸಿದರೆ ಅದು ಆತ್ಮರಕ್ಷಣೆ ಎನಿಸಿಕೊಳ್ಳುವುದಿಲ್ಲ.

ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ (2010), ತಂದೆಯ ಮೇಲೆ ಮಾರಕ ಹಲ್ಲೆ ನಡೆದಾಗ ಬಂದೂಕು ಬಳಸಿದ ಆರೋಪಿಯನ್ನು ಸರ್ವೋಚ್ಚ ನ್ಯಾಯಾಲಯವು ಬಿಡುಗಡೆಗೊಳಿಸಿತು. ಕ್ಷಣದ ಗಂಡಾಂತರದಲ್ಲಿರುವವನು ತಕ್ಕಡಿಯಲ್ಲಿ ತೂಗಿದಂತೆ ವರ್ತಿಸಬೇಕೆಂದು ನಿರೀಕ್ಷಿಸಲಾಗದು ಎಂಬ ತತ್ವವನ್ನು ಅದೇ ತೀರ್ಪು ಮಾನ್ಯಮಾಡಿತು. ಜೊತೆಗೆ, ಈ ಹಕ್ಕು ರಕ್ಷಣೆಗೇ ಹೊರತು ಪ್ರತೀಕಾರಕ್ಕಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ಅಪಾಯವು ಮುಗಿದ ಕ್ಷಣದಲ್ಲಿಯೇ ಹಕ್ಕೂ ಮುಗಿಯುತ್ತದೆ. ಗುಂಡು ಹಾರಿಸಿದ ಪ್ರತಿಯೊಂದು ಸಂದರ್ಭದಲ್ಲಿಯೂ ತನಿಖೆ ನಡೆಯುವುದು ಸಹಜ. ಪರವಾನಗಿದಾರರು ಕೂಡಲೇ 112ಕ್ಕೆ ಕರೆ ಮಾಡಿ, ಗಾಯಾಳುವಿಗೆ ಚಿಕಿತ್ಸೆ ದೊರಕುವಂತೆ ಮಾಡಿ, ಸ್ಥಳದ ಕುರುಹುಗಳನ್ನು ಬದಲಿಸದೆ ಪೊಲೀಸರಿಗೆ ಆಯುಧವನ್ನು ಒಪ್ಪಿಸಬೇಕು.

ಪರವಾನಗಿದಾರರ ಇತರ ಕರ್ತವ್ಯಗಳು ಮತ್ತು ದಂಡನೆ

ಆಯುಧ ಅಥವಾ ಮದ್ದುಗುಂಡು ಕಳೆದುಹೋದಲ್ಲಿ ಇಲ್ಲವೇ ಕಳವಾದಲ್ಲಿ ಕೂಡಲೇ ಹತ್ತಿರದ ಠಾಣೆಗೆ ತಿಳಿಸತಕ್ಕದ್ದು. ಪರವಾನಗಿಯ ಅವಧಿ ಮುಗಿಯುವುದಕ್ಕೆ ಸಾಕಷ್ಟು ಮುಂಚಿತವಾಗಿ ನವೀಕರಣದ ಅರ್ಜಿ ಸಲ್ಲಿಸಬೇಕು. ಅಧಿಕಾರಿಗಳು ಕೇಳಿದಾಗ ಪರವಾನಗಿಯನ್ನೂ ಆಯುಧವನ್ನೂ ಹಾಜರುಪಡಿಸಬೇಕು. ಚುನಾವಣೆಯ ಸಮಯದಲ್ಲಿ ಠೇವಣಿಗೆ ಆದೇಶವಾದಲ್ಲಿ ಅದರಂತೆ ನಡೆದುಕೊಳ್ಳಬೇಕು. ನೈಜ ಅಗತ್ಯವಿದ್ದವರು ವಿನಾಯಿತಿಗಾಗಿ ಪರಿಶೀಲನಾ ಸಮಿತಿಗೆ ಮನವಿ ಸಲ್ಲಿಸಬಹುದು.

ಪರವಾನಗಿಯಿಲ್ಲದೆ ಬಂದೂಕು ಹೊಂದಿದವರಿಗೆ ಕನಿಷ್ಠ 2 ವರ್ಷಗಳಿಂದ 5 ವರ್ಷಗಳವರೆಗಿನ ಕಾರಾಗೃಹ ವಾಸ ಹಾಗೂ ದಂಡ ವಿಧಿಸಬಹುದು. ದುಡುಕಿನಿಂದ, ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಾಚರಣೆಗೆ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದವರಿಗೆ 2 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡೂ ಅನ್ವಯವಾಗುತ್ತವೆ. ಪರವಾನಗಿಯ ಷರತ್ತನ್ನು ಮುರಿಯುವುದು ಕಲಂ 30ರ ಮೇರೆಗೆ ದಂಡನೀಯ.

ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುವುದು ಒಳಿತು. ತಮಗಿರುವ ಅಪಾಯವನ್ನು ಪೊಲೀಸ್ ದೂರು, ಗಟ್ಟಿ ಬಾಗಿಲು, ನಗದಿನ ಬದಲು ಬ್ಯಾಂಕ್ ವ್ಯವಹಾರ ಮುಂತಾದ ಬೇರೆ ಕ್ರಮಗಳಿಂದ ನಿವಾರಿಸಲು ಸಾಧ್ಯವೇ? ಸಿಟ್ಟಿನ ಗಳಿಗೆಯಲ್ಲಿ ಆಯುಧವನ್ನು ಮುಟ್ಟದೆ ಇರುವ ಸಂಯಮ ತಮಗಿದೆಯೇ? ತಾವು ಮನೆಯಲ್ಲಿಲ್ಲದ ದಿನ ಆಯುಧವು ಸುರಕ್ಷಿತವಾಗಿರುವುದೇ? ಮೊದಲನೆಯ ಪ್ರಶ್ನೆಗೆ ಇಲ್ಲವೆಂದೂ ಉಳಿದೆರಡಕ್ಕೆ ಹೌದೆಂದೂ ಉತ್ತರಿಸಬಲ್ಲವರು ಮಾತ್ರ ಅರ್ಜಿ ಸಲ್ಲಿಸುವುದು ಸೂಕ್ತ. ಪರವಾನಗಿ ಬೇಡವೆಂದು ತೀರ್ಮಾನಿಸಿದವರ ರಕ್ಷಣೆಯ ಹಕ್ಕಿಗೆ ಇದರಿಂದ ಯಾವ ಕೊರತೆಯೂ ಆಗುವುದಿಲ್ಲ.

ತುರ್ತು ಸಂದರ್ಭದಲ್ಲಿ 112ಕ್ಕೆ ಹಾಗೂ ಕಡಲಿನಲ್ಲಿ ಅಪಾಯ ಎದುರಾದಲ್ಲಿ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬಹುದು. ಅರ್ಜಿ ನಮೂನೆ, ಶುಲ್ಕ ಹಾಗೂ ತರಬೇತಿಯ ವಿವರಗಳಿಗಾಗಿ ಕಚೇರಿ ವೇಳೆಯಲ್ಲಿ ಮಂಗಳೂರು ನಗರ ಪೊಲೀಸ್ ಆಯುಕ್ತರ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಮಧ್ಯವರ್ತಿಗಳ ಮೂಲಕ ಅರ್ಜಿ ಸಲ್ಲಿಸುವ ಅವಶ್ಯಕತೆ ಇರುವುದಿಲ್ಲ.